ಯಾವ ಶಅಬಾನ್? ಹೊಸ ಹಿಜರಿ ವರ್ಷಕ್ಕೆ ನಿಭಾಯಿಸಬಲ್ಲ ಗುರಿಗಳು

ಎರಡನೇ ಖಲೀಫಾ ಹ. ಉಮರ್(ರ) ಅವರ ಮುಂದೆ ಒಮ್ಮೆ ಒಂದು ಸಾಲಪತ್ರ ಬಂತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಶಅಬಾನ್ ತಿಂಗಳಲ್ಲಿ ಹಣ ಸಲ್ಲಿಸಬೇಕೆಂದು ಅದರಲ್ಲಿ ಬರೆದಿತ್ತು. ಅದು ಯಾವ ಶಅಬಾನ್ ಎಂದು ಅವರು ಕೇಳಿದರು. ಕಳೆದುಹೋದದ್ದೋ, ಈಗ ನಡೆಯುತ್ತಿರುವುದೋ, ಇನ್ನು ಬರಲಿರುವುದೋ? ಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಖಲೀಫರಿಂದ ಬರುವ ಪತ್ರಗಳಲ್ಲಿ ತಾರೀಕು ಇಲ್ಲದೆ ತೊಂದರೆಯಾಗುತ್ತಿದೆ ಎಂದು ಹ. ಅಬೂ ಮೂಸಾ ಅಶ್‌ಅರಿ(ರ) ಅವರೂ ಬರೆದಿದ್ದರು. ಸಹಾಬಿಗಳ ಸಮಾಲೋಚನೆ ನಡೆಯಿತು. ಹಿಜರತ್ ನಡೆದು ಹದಿನಾರು ಹದಿನೇಳು ವರ್ಷಗಳಾದ ಮೇಲೆ, ಆ ಹಿಜರತ್‌ನ ವರ್ಷವನ್ನೇ ಮೊದಲ ವರ್ಷವಾಗಿಯೂ ಮುಹರ್ರಮ್ ಅನ್ನು ಮೊದಲ ತಿಂಗಳಾಗಿಯೂ ಇಟ್ಟುಕೊಂಡು ನಮ್ಮ ಕ್ಯಾಲೆಂಡರ್ ಆರಂಭವಾಯಿತು.

ಅಂದರೆ, ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹಿಜರಿ ಸನ್‌ನ ಹುಟ್ಟಿನಲ್ಲಿ ಒಂದು ಬಾಕಿ ಸಾಲದ ವಿಷಯವೂ ಇದೆ. ಗಡುವು ಗೊತ್ತಿಲ್ಲದ ವಾಗ್ದಾನ ವಾಗ್ದಾನವೇ ಅಲ್ಲ ಎಂಬುದು ಅಂದು ಆ ಹಿರಿಯರಿಗೆ ತಿಳಿದಿತ್ತು.

ಈ ಬಾರಿ 1447ರ ಮುಹರ್ರಮ್ ಒಂದನೇ ತಾರೀಕು ಶುಕ್ರವಾರವೇ ಬಂತು, 2025ರ ಜೂನ್ 27. ವರ್ಷದ ಮೊದಲ ದಿನವೇ ಜುಮಾ. ಅಂದು ಮತ್ತು ಅದರ ಮುಂದಿನ ವಾರ ನಮ್ಮ ಎರಡೂ ಊರುಗಳ ಮಸೀದಿಗಳಲ್ಲಿ ಹಿಜರತ್, ಆಶೂರಾ, ಆತ್ಮಾವಲೋಕನ ಇವೇ ಖುತ್ಬಾದ ವಿಷಯಗಳಾಗಿದ್ದವು. ಹೊರಗೆ ಮಾತ್ರ ಮಳೆ, ಮಕ್ಕಳ ಶಾಲೆಯ ಫೀಸು, ನೋಟ್‌ಬುಕ್ಕು, ಛತ್ರಿ. ಹೊಸ ವರ್ಷ ಬಂದದ್ದು ಎಷ್ಟೋ ಮನೆಗಳಿಗೆ ಗೊತ್ತೇ ಆಗಲಿಲ್ಲ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಹೊಸ ವರ್ಷದ ದಿನಕ್ಕೆಂದೇ ವಿಶೇಷ ಆರಾಧನೆಯನ್ನು ಪ್ರವಾದಿ(ಸ) ನಮಗೆ ಕಲಿಸಿಲ್ಲ. ಆದರೆ ಲೆಕ್ಕ ನೋಡಿಕೊಳ್ಳಲು ಒಂದು ದಿನ ಬೇಕಲ್ಲ, ಅದು ಇದೇ ಆಗಲಿ.

ಆ ಎರಡು ಜುಮಾಗಳ ನಂತರ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ನಾವು ಒಂದಷ್ಟು ಜನರನ್ನು ಮಾತಿಗೆಳೆದೆವು. ಈ ವರ್ಷ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದೆವು. ಉತ್ತರಗಳು ಒಂದಕ್ಕಿಂತ ಒಂದು ದೊಡ್ಡವು. ಒಬ್ಬರಿಗೆ ಐದೂ ಹೊತ್ತಿನ ನಮಾಝನ್ನು ಜಮಾಅತ್‌ನೊಂದಿಗೇ ಮಾಡಬೇಕು. ಇನ್ನೊಬ್ಬರಿಗೆ ಕುರ್‌ಆನನ್ನು ಅರ್ಥ ಸಹಿತ ಮುಗಿಸಬೇಕು. ಹುಡುಗನೊಬ್ಬನಿಗೆ ಗುಟ್ಕಾ ಬಿಡಬೇಕು, ಫೋನ್ ಬಿಡಬೇಕು, ಬೆಳಿಗ್ಗೆ ಬೇಗ ಏಳಬೇಕು, ಮೂರೂ ಒಟ್ಟಿಗೆ, ನಾಳೆಯಿಂದಲೇ. ಆಟೋ ಓಡಿಸುವ ಒಬ್ಬರು, "ಈ ವರ್ಷ ಸಾಲ ತೀರಿಸಿಬಿಡ್ತೀನಿ ಭಾಯಿ, ಇನ್‌ಶಾ ಅಲ್ಲಾಹ್" ಎಂದರು. ಯಾರದ್ದು, ಎಷ್ಟು, ಯಾವ ವಾರದಿಂದ ಶುರು ಎಂದು ಕೇಳಿದ್ದಕ್ಕೆ ನಕ್ಕು, "ಅದನ್ನೆಲ್ಲ ಯಾರು ಲೆಕ್ಕ ಇಟ್ಟಿದ್ದಾರೆ" ಎಂದು ಗಾಡಿ ಸ್ಟಾರ್ಟ್ ಮಾಡಿದರು. ಅವರನ್ನು ನೋಡಿ ನಾವು ನಗುವಂತಿಲ್ಲ. ಹೋದ ವರ್ಷ ನಾವೇ ಬರೆದಿಟ್ಟುಕೊಂಡ ಪಟ್ಟಿಯನ್ನು ತೆಗೆದು ನೋಡಿದರೆ ಅದರಲ್ಲೂ ತಾರೀಕಿಲ್ಲ. ಎಲ್ಲವೂ ಶಅಬಾನೇ!

ಹಿಜರತ್‌ನ ವಿಷಯ ಬಂದಾಗಲೆಲ್ಲ ನಾವು ತವಕ್ಕುಲ್ ಬಗ್ಗೆ, ಅಂದರೆ ಅಲ್ಲಾಹನ ಮೇಲಿನ ಭರವಸೆಯ ಬಗ್ಗೆ ಕೇಳುತ್ತೇವೆ. ಸರಿಯೇ. ಆದರೆ ಅದೇ ಪಯಣದ ಸಿದ್ಧತೆಯನ್ನು ಸ್ವಲ್ಪ ಗಮನಿಸೋಣ. ಬುಖಾರಿಯಲ್ಲಿರುವ ಹ. ಆಯಿಷಾ(ರ) ಅವರ ವರದಿಯಂತೆ ಹ. ಅಬೂಬಕರ್(ರ) ಎರಡು ಒಂಟೆಗಳನ್ನು ನಾಲ್ಕು ತಿಂಗಳ ಕಾಲ ಎಲೆ ಮೇಯಿಸಿ ಸಾಕಿಟ್ಟಿದ್ದರು. ದಾರಿ ತೋರಿಸಲು ಕೂಲಿಗೆ ಗೊತ್ತು ಮಾಡಿದ ವ್ಯಕ್ತಿ ಆಗಿನ್ನೂ ಕುರೈಶರ ಧರ್ಮದಲ್ಲೇ ಇದ್ದವನು, ಆದರೆ ಮರುಭೂಮಿಯ ದಾರಿ ಬಲ್ಲವನು, ನಂಬಿಗಸ್ತ. ಒಂಟೆಗಳನ್ನು ಅವನ ವಶಕ್ಕೆ ಕೊಟ್ಟು, ಮೂರು ರಾತ್ರಿ ಕಳೆದ ಮೇಲೆ ಸೌರ್ ಗುಹೆಯ ಬಳಿ ಬರಬೇಕೆಂದು ಹೇಳಿದ್ದರು. ಅಬೂಬಕರ್‌ರ ಮಗ ಅಬ್ದುಲ್ಲಾ ಹಗಲಿಡೀ ಮಕ್ಕಾದಲ್ಲಿದ್ದು ಸುದ್ದಿ ಸಂಗ್ರಹಿಸಿ ರಾತ್ರಿ ಗುಹೆಗೆ ತಲುಪಿಸುವುದು, ಆಮಿರ್ ಬಿನ್ ಫುಹೈರಾ ಕತ್ತಲಾದ ಮೇಲೆ ಆಡುಗಳನ್ನು ಅತ್ತ ಹೊಡೆದುಕೊಂಡು ಬಂದು ಹಾಲು ಕೊಡುವುದು. ಬುತ್ತಿಯ ಚೀಲ ಕಟ್ಟಲು ಹಗ್ಗ ಸಿಗದಿದ್ದಾಗ ಹ. ಅಸ್ಮಾ(ರ) ತಮ್ಮ ಸೊಂಟದ ಪಟ್ಟಿಯನ್ನೇ ಹರಿದು ಕಟ್ಟಿಕೊಟ್ಟರು.

ಮದೀನಾ ಇರುವುದು ಮಕ್ಕಾದ ಉತ್ತರಕ್ಕೆ, ನಾನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಸೌರ್ ಗುಹೆ ಇರುವುದು ಮಕ್ಕಾದ ದಕ್ಷಿಣಕ್ಕೆ, ಕೆಲವೇ ಕಿಲೋಮೀಟರ್. ಮೊದಲ ರಾತ್ರಿಯ ಗುರಿ ಮದೀನಾ ಆಗಿರಲಿಲ್ಲ, ಹತ್ತಿರದ ಒಂದು ಗುಹೆಯಾಗಿತ್ತು. ಅದೂ ನೋಡಿದವರಿಗೆ ತಪ್ಪು ದಿಕ್ಕೆನಿಸುವ ಕಡೆಗೆ. ಇಡೀ ಚರಿತ್ರೆಯನ್ನೇ ಬದಲಿಸಿದ ಪಯಣದ ಮೊದಲ ಹೆಜ್ಜೆ ಅಷ್ಟು ಸಣ್ಣದು, ಅಷ್ಟು ನಿಖರವಾದದ್ದು. ಯಾರು, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದೆಲ್ಲ ತೀರ್ಮಾನವಾಗಿತ್ತು. ನಾವಾದರೋ ಮದೀನಾದ ಮಾತಾಡುತ್ತೇವೆ, ಸೌರ್ ಯಾವುದೆಂದು ಯೋಚಿಸುವುದಿಲ್ಲ.

ಇನ್ನೊಂದು ತಪ್ಪು ನಮ್ಮಲ್ಲಿ ಇದಕ್ಕಿಂತ ಸಾಮಾನ್ಯ. ಜುಮಾದ ಖುತ್ಬಾ ಕೇಳಿ ಮನಸ್ಸು ಕರಗಿರುವ ಆ ಅರ್ಧ ಗಂಟೆಯಲ್ಲಿ ನಾವು ಗುರಿ ಇಟ್ಟುಕೊಳ್ಳುತ್ತೇವೆ. ಆ ಗುರಿಯನ್ನು ಹೊರಬೇಕಾದವನು ಮಾತ್ರ ಬೇರೆಯವನು. ಮಂಗಳವಾರ ರಾತ್ರಿ, ಗ್ಯಾರೇಜಿನಿಂದ ಒಂಬತ್ತೂವರೆಗೆ ಮನೆಗೆ ಬಂದು, ಕರೆಂಟಿಲ್ಲದೆ, ಮಗುವಿನ ಜ್ವರ ನೋಡಿಕೊಂಡು ಕೂತಿರುವವನು. ಗುರಿಯ ಅಳತೆ ತೆಗೆಯಬೇಕಾದದ್ದು ಆ ಮಂಗಳವಾರದ ಮನುಷ್ಯನ ಭುಜಕ್ಕೆ. ಅತ್ಯಂತ ಕೆಟ್ಟ ದಿನದಲ್ಲೂ ಮಾಡಲು ಸಾಧ್ಯವಿರುವಷ್ಟನ್ನು ಮಾತ್ರ ವರ್ಷದ ಗುರಿಯಾಗಿ ಇಟ್ಟುಕೊಳ್ಳಿ ಎನ್ನುವುದು ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು. ಒಳ್ಳೆಯ ದಿನಗಳಲ್ಲಿ ಹೆಚ್ಚು ಮಾಡಲು ಯಾರ ಅಡ್ಡಿಯೂ ಇಲ್ಲ.

ಇದು ನಮ್ಮ ಸ್ವಂತ ಬುದ್ಧಿಯೇನಲ್ಲ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಯಾವುದೆಂದರೆ, ಕಡಿಮೆಯಾದರೂ ನಿರಂತರವಾಗಿರುವುದು ಎಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿರುವುದನ್ನು ಪ್ರವಾದಿ(ಸ) ಒಮ್ಮೆ ಕಂಡರು. ಹ. ಝೈನಬ್(ರ) ನಮಾಝಿನಲ್ಲಿ ನಿಂತು ದಣಿದಾಗ ಹಿಡಿದುಕೊಳ್ಳಲು ಕಟ್ಟಿದ ಹಗ್ಗವದು ಎಂದು ತಿಳಿದಾಗ ಅದನ್ನು ಬಿಚ್ಚಿಸಿದರು. ಹುರುಪಿರುವಷ್ಟು ಹೊತ್ತು ನಮಾಝ್ ಮಾಡಬೇಕು, ದಣಿವಾದಾಗ ಕುಳಿತುಕೊಳ್ಳಬೇಕು ಎಂದರು.

ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಪ್ರಸಂಗವಂತೂ ನಮ್ಮ ಯುವಕರು ಮತ್ತೆ ಮತ್ತೆ ಓದಬೇಕಾದದ್ದು. ಅವರು ಯುವಕರಾಗಿದ್ದಾಗ ಪ್ರತಿ ದಿನ ಉಪವಾಸ, ಪ್ರತಿ ರಾತ್ರಿ ನಮಾಝ್ ಎಂದು ಶಪಥ ಮಾಡಿಕೊಂಡಿದ್ದರು. ಪ್ರವಾದಿ(ಸ) ಅವರನ್ನು ಕರೆದು ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಶರೀರಕ್ಕೂ ಕಣ್ಣಿಗೂ ಪತ್ನಿಗೂ ಅವರ ಮೇಲೆ ಹಕ್ಕಿದೆ ಎಂದು ನೆನಪಿಸಿದರು. ಅವರು ನನ್ನಲ್ಲಿ ಶಕ್ತಿಯಿದೆ, ಇನ್ನೂ ಹೆಚ್ಚು ಮಾಡಬಲ್ಲೆ ಎಂದು ಪಟ್ಟು ಹಿಡಿದರು. ಕೊನೆಗೆ ಹ. ದಾವೂದ್(ಅ) ಅವರಂತೆ ಒಂದು ದಿನ ಬಿಟ್ಟು ಒಂದು ದಿನ ಉಪವಾಸಕ್ಕೆ ಅನುಮತಿ ಸಿಕ್ಕಿತು. ವಯಸ್ಸಾದ ಮೇಲೆ ಅವರೇ ಹೇಳಿಕೊಂಡರು, ಪ್ರವಾದಿಯವರು ಕೊಟ್ಟ ರಿಯಾಯಿತಿಯನ್ನು ಅಂದೇ ಸ್ವೀಕರಿಸಿದ್ದರೆ ಚೆನ್ನಾಗಿತ್ತು ಎಂದು. ಅವರಂಥ ಸಹಾಬಿಯೇ ಹಾಗೆ ಹೇಳಿರುವಾಗ ನಮ್ಮ ಪಾಡೇನು?

ಭದ್ರಾವತಿಯವರಿಗೆ ಇದನ್ನು ಬೇರೆ ಉದಾಹರಣೆಯಿಂದಲೂ ಹೇಳಬಹುದು. ಬೆಂಕಿಪುರವೆಂದು ಹಳೆಯ ಹೆಸರಿದ್ದ ಊರದು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಅಲ್ಲಿನ ಮೊಹಲ್ಲಾಗಳಲ್ಲಿ ಈಗಲೂ ಇದ್ದಾರೆ. ಅವರನ್ನು ಕೇಳಿ ನೋಡಿ. ಹೊಸದಾಗಿ ಇಟ್ಟಿಗೆ ಕಟ್ಟಿದ ಬ್ಲಾಸ್ಟ್ ಫರ್ನೇಸನ್ನು ಒಂದೇ ಸಲ ಪೂರ್ತಿ ಕಾವಿಗೆ ಏರಿಸುವುದಿಲ್ಲ. ದಿನಗಟ್ಟಲೆ ಒಣಗಿಸಿ, ನಿಧಾನವಾಗಿ ಬಿಸಿ ಹೆಚ್ಚಿಸುತ್ತಾರೆ. ಆತುರ ಮಾಡಿದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ. ಮೂರೂ ಚಟಗಳನ್ನು ನಾಳೆಯೇ ಬಿಡುತ್ತೇನೆಂದ ಆ ಹುಡುಗನಿಗೆ ಇದನ್ನು ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಈಗ ಸಾಲದ ವಿಷಯ. ಗುರಿ ಎಂದರೆ ನಾನು ಏನಾಗಬೇಕು, ಎಲ್ಲಿಗೆ ಹೋಗಬೇಕು ಎಂಬುದೇ ಎಂದು ನಾವು ತಿಳಿದಿದ್ದೇವೆ. ಉಮ್ರಾ ಮಾಡಬೇಕು, ಮನೆ ಕಟ್ಟಬೇಕು. ಆದರೆ ನಾನು ಯಾರಿಗೆ ಏನು ಬಾಕಿ ಇಟ್ಟಿದ್ದೇನೆ ಎಂಬಲ್ಲಿಂದ ವರ್ಷದ ಲೆಕ್ಕ ಶುರುವಾಗಬೇಕು. ಕುರ್‌ಆನಿನ ಅತ್ಯಂತ ಉದ್ದದ ಆಯತ್ ನಮಾಝಿನ ಬಗ್ಗೆಯಾಗಲಿ ಹಜ್ಜಿನ ಬಗ್ಗೆಯಾಗಲಿ ಇಲ್ಲ, ಸಾಲವನ್ನು ಬರೆದಿಡುವ ಬಗ್ಗೆ ಇದೆ (ಅಲ್‌ಬಕರಃ: 282). ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿಯ ಸಮೇತ ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ಆದೇಶ.

ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ವಾರದ ಕಂತು ಎಂದರೇನೆಂದು ವಿವರಿಸಬೇಕಾಗಿಲ್ಲ. ಮೈಕ್ರೋ ಫೈನಾನ್ಸ್‌ನವರು ವಾರಕ್ಕೊಮ್ಮೆ ಬರುತ್ತಾರೆ, ಅಷ್ಟು ಹೊತ್ತಿಗೆ ಹೇಗಾದರೂ ಹಣ ಹೊಂದಿಸಲೇಬೇಕು. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿಯ ಈ ಕುಣಿಕೆಗೆ ಹೊಸದಾಗಿ ಕೊರಳು ಕೊಡದಿರುವುದು, ಈಗಾಗಲೇ ಸಿಕ್ಕಿಕೊಂಡವರು ಒಂದೊಂದಾಗಿ ಬಿಡಿಸಿಕೊಳ್ಳುವುದು ಈ ವರ್ಷದ ಮೊದಲ ಗುರಿಗಳಲ್ಲೊಂದಾಗಲಿ. ಆದರೆ ಇಲ್ಲೊಂದು ವಿಚಿತ್ರವನ್ನು ನೋಡಿ. ಬಡ್ಡಿಯ ಕಂತನ್ನು ನಾವು ತಪ್ಪದೆ ಕಟ್ಟುತ್ತೇವೆ. ಏಕೆಂದರೆ ಅದಕ್ಕೆ ದಿನವಿದೆ, ಮೊತ್ತವಿದೆ, ಬಾಗಿಲಿಗೆ ಬಂದು ಕೇಳುವವರಿದ್ದಾರೆ. ಬಡ್ಡಿಯಿಲ್ಲದೆ ಕೊಟ್ಟ ಮಾಮುವಿನ ಹಣಕ್ಕೆ, ಕಿರಾಣಿ ಅಂಗಡಿಯ ಉದ್ರಿಗೆ, ಇಪ್ಪತ್ತು ವರ್ಷಗಳಿಂದ ಬಾಕಿಯಿರುವ ಪತ್ನಿಯ ಮಹರಿಗೆ ಈ ಮೂರೂ ಇಲ್ಲ. ಹಾಗಾಗಿ ಅವು ತೀರುವುದೇ ಇಲ್ಲ.

ಮಹರ್ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಅದು ಸಾಲ. ನಿಕಾಹ್‌ನಾಮಾದಲ್ಲಿ ಬರೆದು, ಸಾಕ್ಷಿಗಳು ಸಹಿ ಹಾಕಿದ ಸಾಲ. ಮಹರನ್ನು ಸಂತೋಷದಿಂದ ಕೊಡಬೇಕೆಂದೂ, ಅವರು ತಾವಾಗಿ ಮನಃಪೂರ್ವಕವಾಗಿ ಬಿಟ್ಟುಕೊಟ್ಟರಷ್ಟೇ ಅದನ್ನು ತೆಗೆದುಕೊಳ್ಳಬಹುದೆಂದೂ ಅನ್ನಿಸಾಅ್ ಅಧ್ಯಾಯದ ಆರಂಭದಲ್ಲೇ ಇದೆ. ನಮ್ಮಲ್ಲಿ ನಡೆಯುವುದೇನು? ಗಂಡ ತೀರಿಕೊಂಡ ಮೇಲೆ, ಜನಾಝಾ ಎತ್ತುವ ಮುನ್ನ, ಅಳುತ್ತಿರುವ ಹೆಂಗಸಿನ ಬಳಿ ಹೋಗಿ ಮಹರ್ ಮಾಫ್ ಮಾಡಿಬಿಡು ಎಂದು ನಾಲ್ಕು ಜನ ಹೇಳುವುದು. ಆ ಹೊತ್ತಿನಲ್ಲಿ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಆ ಒಪ್ಪಿಗೆಯನ್ನು ಮನಃಪೂರ್ವಕ ಎನ್ನಲು ನಮಗಂತೂ ನಾಲಗೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ, ಅಂದರೆ 50 ಅಥವಾ 51 ಜುಮಾ. ಮೊದಲ ದಿನವೇ ಶುಕ್ರವಾರ ಬಂದುದರಿಂದ ಈ ವರ್ಷಕ್ಕೆ 51. ಮಹರ್ ಬಾಕಿ 25,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರತಿ ಜುಮಾದ ದಿನ 500 ರೂಪಾಯಿ ಪತ್ನಿಯ ಕೈಗೆ ಕೊಟ್ಟು ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರೂ ಸಹಿ ಹಾಕಿದರೆ 50 ಜುಮಾಗಳಲ್ಲಿ ಮುಗಿಯುತ್ತದೆ. ಒಂದು ವಾರ ತಪ್ಪಿದರೂ ನಡೆಯುತ್ತದೆ. 500 ಆಗದವರು 250 ಕೊಡಲಿ, ಎರಡು ವರ್ಷವಾಗಲಿ. ದಿನ, ಮೊತ್ತ, ಸಾಕ್ಷಿ ಮೂರೂ ಸಿಕ್ಕಿದವಲ್ಲ! ಬೇರೆ ಸಾಲಗಳಿಗೂ ಇದೇ ದಾರಿ. ಸಾಲ ಕೊಟ್ಟವರ ಬಳಿಗೆ ಹೋಗಿ, "ಪೂರ್ತಿ ಕೊಡಲು ಆಗುತ್ತಿಲ್ಲ, ವಾರಕ್ಕೆ ಇಷ್ಟರಂತೆ ಕೊಡುತ್ತೇನೆ" ಎಂದು ಹೇಳುವುದು ಕಷ್ಟದ ಕೆಲಸ. ಆದರೆ ಅವರನ್ನು ಕಂಡು ಗಲ್ಲಿ ಬದಲಿಸಿಕೊಂಡು ಓಡಾಡುವುದಕ್ಕಿಂತ ಸುಲಭ.

ವಾರದ ಸಂಬಳವೇ ಗೊತ್ತಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಭದ್ರಾವತಿಯಲ್ಲಿ ಈ ಪ್ರಶ್ನೆ ಕೇಳುವವರು ಬಹಳ. ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಇಂದು ಕೆಲಸವಿದ್ದರೆ ನಾಳೆಯ ಭರವಸೆ ಇಲ್ಲ. ಇಂಥವರು ಮೊತ್ತದ ಬದಲು ಪಾಲನ್ನು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. ಆಟೋದವರು, ತಳ್ಳುಗಾಡಿಯವರು ದಿನದ ಬೋಣಿಯ ಹಣವನ್ನು ಬೇರೆ ಡಬ್ಬಿಗೆ ಹಾಕಲಿ. ಬಾಡಿಗೆ ಬಂದ ದಿನ ಹಾಕುವುದು, ಬಾರದ ದಿನ ಇಲ್ಲ. ದುಡಿಮೆ ಇಲ್ಲದ ದಿನ ಆ ಗುರಿ ಮುರಿಯುವುದೂ ಇಲ್ಲ. ಪ್ರತಿ ಜುಮಾಕ್ಕೆ ಡಬ್ಬಿ ತೆರೆದು ಎಣಿಸಿ ಸಾಲಕ್ಕೆ ಕೊಟ್ಟುಬಿಟ್ಟರಾಯಿತು. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ ಎಂಬುದನ್ನು ನಾವು ಸಾಂತ್ವನಕ್ಕಾಗಿ ಮಾತ್ರ ಹೇಳುತ್ತೇವೆ. ಅದನ್ನು ಲೆಕ್ಕ ಹಾಕುವಾಗಲೂ ಬಳಸಬೇಕು.

ಇಬಾದತ್‌ನ ಗುರಿಗಳಿಗೂ ಇದೇ ಲೆಕ್ಕ. 604 ಪುಟಗಳ ಮುಸ್‌ಹಫ್ ನಿಮ್ಮ ಬಳಿ ಇದ್ದರೆ ದಿನಕ್ಕೆ ಎರಡು ಪುಟದಂತೆ 302 ದಿನಗಳಲ್ಲಿ ಮುಗಿಯುತ್ತದೆ. ವರ್ಷದಲ್ಲಿ 52 ದಿನ ಓದಲಾಗದೆ ಹೋದರೂ ವರ್ಷಾಂತ್ಯಕ್ಕೆ ಖತಮ್ ಆಗಿರುತ್ತದೆ. ಖಝಾ ನಮಾಝಿನ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹತಾಶೆಯವು. ಹತ್ತು ವರ್ಷ ನಮಾಝ್ ಬಿಟ್ಟವನು ಇನ್ನು ಯಾವ ಮುಖದಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ನಮ್ಮ ಆಲಿಮರು ಸಾಮಾನ್ಯವಾಗಿ ಹೇಳಿಕೊಡುವ ದಾರಿ ಸರಳ. ಪ್ರತಿ ಫರ್ಝ್ ಜೊತೆಗೆ ಅದೇ ಹೊತ್ತಿನ ಒಂದು ಹಳೆಯ ಖಝಾ, ಇಶಾದ ಜೊತೆ ವಿತ್ರ್ ಕೂಡ. ಒಂದು ವರ್ಷದಲ್ಲಿ ಒಂದು ವರ್ಷದ ಬಾಕಿ ತೀರುತ್ತದೆ. ಹತ್ತು ವರ್ಷದ ಬಾಕಿಗೆ ಹತ್ತು ವರ್ಷ. ಅಷ್ಟು ಆಯುಸ್ಸು ಇದೆಯೋ ಇಲ್ಲವೋ ಎಂಬುದು ಅಲ್ಲಾಹನಿಗೆ ಬಿಟ್ಟದ್ದು. ತೌಬಾ ಮಾಡಿ ತೀರಿಸುವ ದಾರಿಯಲ್ಲಿರುವುದು ನಮಗೆ ಬಿಟ್ಟದ್ದು.

ಗುಟ್ಕಾ, ಬೀಡಿ ಬಿಡುವವರಿಗೆ ಒಂದೇ ಮಾತು. ರಮಝಾನಿನಲ್ಲಿ ಸಹರಿಯಿಂದ ಇಫ್ತಾರ್‌ವರೆಗೆ, ಮೂವತ್ತು ದಿನ, ನೀವು ಅದಿಲ್ಲದೆ ಇದ್ದಿರಿ. ಸಾಧ್ಯವೇ ಇಲ್ಲ ಎನ್ನಬೇಡಿ. ಪ್ಯಾಕೆಟ್ ಮೇಲೆಯೇ ಮುದ್ರಿಸಿರುವ 1800-11-2356 ಸರಕಾರದ ಉಚಿತ ಸಹಾಯವಾಣಿ. ಸಹಾಯ ಕೇಳುವುದು ಈಮಾನಿನ ಕೊರತೆಯಲ್ಲ, ಹಿಜರತ್‌ನಲ್ಲೂ ದಾರಿ ಬಲ್ಲವನನ್ನು ಕೂಲಿ ಕೊಟ್ಟು ಕರೆದುಕೊಂಡಿದ್ದರು.

ಮನೆಯ ಹೆಂಗಸರು ನಮ್ಮ ಈ ಮಾತುಗಳನ್ನು ಕೇಳಿ ಒಂದು ಆಕ್ಷೇಪ ಎತ್ತಿದರು. ನ್ಯಾಯವಾದದ್ದೇ. "ನಿಮ್ಮ ಗುರಿ ನಿಮ್ಮ ಕೈಯಲ್ಲಿದೆ. ನಮ್ಮ ಸಮಯ ನಮ್ಮ ಕೈಯಲ್ಲಿ ಎಲ್ಲಿದೆ?" ಗಂಡ ತಹಜ್ಜುದ್‌ಗೆ ಏಳುವ ಗುರಿ ಇಟ್ಟುಕೊಂಡರೆ ನಾಲ್ಕು ಗಂಟೆಗೆ ಚಹಾ ಕಾಯಿಸುವವರು ಯಾರು ಎಂಬುದು ಅವರ ಪ್ರಶ್ನೆಯ ಒಳಗಿದೆ. ಹ. ಅಬೂ ದರ್ದಾ(ರ) ಅವರ ಮನೆಗೆ ಹ. ಸಲ್ಮಾನ್ ಫಾರ್ಸಿ(ರ) ಬಂದಾಗ ಮೊದಲು ಗಮನಿಸಿದ್ದು ಮನೆಯೊಡತಿಯ ನಿರ್ಲಕ್ಷಿತ ಸ್ಥಿತಿಯನ್ನು. ಹಗಲು ಉಪವಾಸ, ರಾತ್ರಿ ನಮಾಝ್ ಎಂದಿದ್ದ ಅಬೂ ದರ್ದಾರನ್ನು ಅವರು ಊಟಕ್ಕೆ ಕೂರಿಸಿದರು, ಮಲಗಲು ಹೇಳಿದರು, ರಾತ್ರಿಯ ಕೊನೆಯ ಭಾಗದಲ್ಲಷ್ಟೇ ಎಬ್ಬಿಸಿದರು. ಪ್ರಭುವಿಗೆ, ಶರೀರಕ್ಕೆ, ಮನೆಯವರಿಗೆ ಅವರವರ ಹಕ್ಕು ಕೊಡಬೇಕೆಂದರು. ಸಲ್ಮಾನ್ ಹೇಳಿದ್ದು ಸತ್ಯ ಎಂದು ಪ್ರವಾದಿ(ಸ) ದೃಢಪಡಿಸಿದರು. ಆದ್ದರಿಂದ ಗುರಿಯ ಚೀಟಿ ಬರೆಯುವ ಮುನ್ನ ಮನೆಯಲ್ಲಿ ಓದಿ ಹೇಳಿ. ಹೆಂಡತಿಯ ಅರ್ಧ ಗಂಟೆಗೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಅದೇ ಚೀಟಿಯಲ್ಲಿರಲಿ.

ಇನ್‌ಶಾ ಅಲ್ಲಾಹ್ ಎಂಬ ಮಾತಿನ ಬಗ್ಗೆಯೂ ಎರಡು ಸಾಲು. ನಾಳೆ ಇಂಥದ್ದನ್ನು ಮಾಡುತ್ತೇನೆ ಎನ್ನುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸದೆ ಹೇಳಬಾರದೆಂದು ಅಲ್‌ಕಹ್‌ಫ್ ಅಧ್ಯಾಯ ಕಲಿಸುತ್ತದೆ. ಅಂದರೆ ನಾಳೆ ಮಾಡುವ ಕೆಲಸವೊಂದು ಇದೆ, ಅದರ ಜೊತೆಗೆ ಈ ಮಾತು. ಮಾಡದಿರುವ ಕೆಲಸಕ್ಕೆ ಮರ್ಯಾದೆಯ ಹೊದಿಕೆಯಾಗಿ ನಾವು ಅದನ್ನು ಬಳಸಿ ಬಳಸಿ, ಇನ್‌ಶಾ ಅಲ್ಲಾಹ್ ಎಂದರೆ ಆಗುವುದಿಲ್ಲ ಎಂದೇ ಅರ್ಥ ಎಂದು ಪೇಟೆಯಲ್ಲಿ ತಮಾಷೆ ಮಾಡುವಂತಾಗಿದೆ. ಈ ತಮಾಷೆಗೆ ಕಾರಣ ನಾವೇ.

ಇಷ್ಟೆಲ್ಲ ಮಾಡಿದರೂ ಗುರಿ ತಪ್ಪುತ್ತದೆ. ಆಗೇನು? ರಾತ್ರಿಯ ತನ್ನ ಪಾಲಿನ ಪಾರಾಯಣವನ್ನು ನಿದ್ದೆಯಿಂದ ಕಳೆದುಕೊಂಡವನು ಅದನ್ನು ಫಜ್ರ್ ಮತ್ತು ಝುಹರ್ ನಡುವೆ ಓದಿದರೆ ರಾತ್ರಿಯೇ ಓದಿದಂತೆ ದಾಖಲಾಗುತ್ತದೆ ಎಂದು ಹ. ಉಮರ್(ರ) ವರದಿ ಮಾಡಿದ ಹದೀಸ್ ಮುಸ್ಲಿಮ್‌ನಲ್ಲಿದೆ. ನಿದ್ದೆ ಅಥವಾ ಅನಾರೋಗ್ಯದಿಂದ ರಾತ್ರಿಯ ನಮಾಝ್ ತಪ್ಪಿದರೆ ಪ್ರವಾದಿ(ಸ) ಹಗಲಿನಲ್ಲಿ 12 ರಕಅತ್ ಮಾಡುತ್ತಿದ್ದರೆಂದು ಹ. ಆಯಿಷಾ(ರ) ತಿಳಿಸಿದ್ದಾರೆ. ಅಂದರೆ ತಪ್ಪಿದ್ದಕ್ಕೆ ಪರ್ಯಾಯ ಹೊತ್ತು ಮೊದಲೇ ಗೊತ್ತಿತ್ತು. ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವವರಿಗೆ ಈ ಹದೀಸ್ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ರಾತ್ರಿ ಪಾಳಿಯ ವಾರದಲ್ಲಿ ಇಶಾದ ನಂತರದ ಎರಡು ಪುಟ ಬೆಳಿಗ್ಗೆ ಬಸ್ಸಿಗೆ. ಚೀಟಿಯಲ್ಲಿ ಎರಡು ಹೊತ್ತು ಬರೆಯಿರಿ, ಒಂದು ಮಾಮೂಲಿನದ್ದು, ಇನ್ನೊಂದು ತಪ್ಪಿದಾಗಿನದ್ದು.

ಈ ಸಂಚಿಕೆ ನಿಮ್ಮ ಕೈಗೆ ತಲುಪುವಾಗ ಮುಹರ್ರಮ್‌ನ ಮೂರು ಜುಮಾಗಳು ಕಳೆದಿರುತ್ತವೆ. 51ರಲ್ಲಿ ಉಳಿದಿರುವುದು 48. ವಾರಕ್ಕೆ 500ರಂತೆ ಈಗ ಶುರು ಮಾಡಿದರೂ ಆ ನೋಟ್‌ಬುಕ್ಕಿನಲ್ಲಿ 24,000 ರೂಪಾಯಿಯಷ್ಟು ಸಹಿಗಳಿಗೆ ಜಾಗವಿದೆ.